ಹಳೆಯ ಪಿಸ್ತೂಲುಗಳಿಗೆ ಸೂಕ್ತ ಕೀಲೆಣ್ಣೆಯ ಆಯ್ಕೆ: ಪರವಾನಗಿದಾರರಿಗೂ ವಾರಸುದಾರ ಅರ್ಜಿದಾರರಿಗೂ ಮಾಹಿತಿ

ಆಯುಧ ಪರವಾನಗಿಯ ನವೀಕರಣಕ್ಕಾಗಿ ಅಥವಾ ವಾರಸುದಾರಿಕೆಯ ಆಧಾರದ ಮೇಲೆ ಹೊಸ ಪರವಾನಗಿಗಾಗಿ ಅರ್ಜಿ ಸಲ್ಲಿಸುವ ಸಾರ್ವಜನಿಕರಲ್ಲಿ ಕೆಲವರು ತಂದೆಯ ಅಥವಾ ತಾತನ ಕಾಲದ ಪಿಸ್ತೂಲುಗಳನ್ನು ಹೊಂದಿರುತ್ತಾರೆ. ಇವುಗಳಲ್ಲಿ .32 ಬೋರಿನ ವೆಬ್ಲಿ ಅಂಡ್ ಸ್ಕಾಟ್, ಕೋಲ್ಟ್ 1903 ಹಾಗೂ ಬೆಲ್ಜಿಯಂ ದೇಶದ ಎಫ್.ಎನ್. ಬ್ರೌನಿಂಗ್ ಪಿಸ್ತೂಲುಗಳು ಸೇರಿವೆ. 1980ರ ದಶಕದ ಮಧ್ಯಭಾಗದಿಂದ ಖಾಸಗಿ ವ್ಯಕ್ತಿಗಳು ವಿದೇಶೀ ಬಂದೂಕು ಹಾಗೂ ಪಿಸ್ತೂಲುಗಳನ್ನು ಆಮದು ಮಾಡಿಕೊಳ್ಳುವುದಕ್ಕೆ ಕಟ್ಟುನಿಟ್ಟಿನ ನಿರ್ಬಂಧವಿರುವುದರಿಂದ, ಇಂತಹ ಆಯುಧವು ಒಮ್ಮೆ ಹಾಳಾದಲ್ಲಿ ಅದಕ್ಕೆ ಬದಲಿ ಆಯುಧವಾಗಲಿ, ಮೂಲ ಬಿಡಿಭಾಗಗಳಾಗಲಿ ಸುಲಭವಾಗಿ ದೊರೆಯುವುದಿಲ್ಲ. ಆಯುಧ ಹಾಳಾಗುವುದು ಬಹುತೇಕ ಗುಂಡು ಹಾರಿಸುವುದರಿಂದಲ್ಲ. ಬೀರುವಿನಲ್ಲಿ ತಪ್ಪು ಎಣ್ಣೆ ಹಚ್ಚಿ ಇಟ್ಟಿರುವುದರಿಂದ ಅಥವಾ ಎಣ್ಣೆಯನ್ನೇ ಹಚ್ಚದಿರುವುದರಿಂದ. ಈ ಹಿನ್ನೆಲೆಯಲ್ಲಿ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ. ಇಲ್ಲಿ ಯಾವುದಾದರೂ ಉತ್ಪನ್ನದ ಹೆಸರು ಬಂದಿದ್ದಲ್ಲಿ ಅದು ಉದಾಹರಣೆಗಾಗಿ ಮಾತ್ರವೇ ಹೊರತು ಶಿಫಾರಸು ಎಂದು ಭಾವಿಸತಕ್ಕದ್ದಲ್ಲ.

ಮೊದಲು ತಿಳಿದಿರಬೇಕಾದ ಕಾನೂನಿನ ಅಂಶಗಳು

"ಪಿಸ್ತೂಲು ನೂರು ವರ್ಷ ಹಳೆಯದು, ಆದ್ದರಿಂದ ಪರವಾನಗಿ ಬೇಕಿಲ್ಲ" ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಆಯುಧಗಳ ಅಧಿನಿಯಮ, 1959ರ ಕಲಂ 45ರಲ್ಲಿ ಬಳಕೆ ತಪ್ಪಿದ ಮಾದರಿಯ, ಪ್ರಾಚ್ಯ ಮೌಲ್ಯವುಳ್ಳ ಅಥವಾ ಕೆಟ್ಟುಹೋಗಿರುವ ಆಯುಧಗಳಿಗೆ ವಿನಾಯಿತಿ ಇರುವುದು ನಿಜ. ಆದರೆ ಸದರಿ ಆಯುಧವು ದುರಸ್ತಿ ಮಾಡಿಯಾಗಲಿ ಮಾಡದೆಯಾಗಲಿ ಬಂದೂಕಿನಂತೆ ಬಳಸಲು ಬಾರದಂತಿರಬೇಕೆಂಬುದು ಆ ವಿನಾಯಿತಿಯ ಷರತ್ತು. 1908ರ ಮಾದರಿಯ ವೆಬ್ಲಿ ಪಿಸ್ತೂಲೊಂದು ತುಕ್ಕು ಹಿಡಿದು ಸ್ಲೈಡ್ ಅಲುಗಾಡದೆ ಕುಳಿತಿದ್ದರೂ, ಎಣ್ಣೆ ಹಾಕಿ ದುರಸ್ತಿ ಮಾಡಿದಲ್ಲಿ ಅದು ಕೆಲಸ ಮಾಡುವಂತಿದ್ದರೆ ಅದಕ್ಕೆ ಪರವಾನಗಿ ಕಡ್ಡಾಯ.

ಎರಡನೆಯದಾಗಿ, ಬಂದೂಕು ಹಾಗೂ ಪಿಸ್ತೂಲುಗಳ ದುರಸ್ತಿ ಕಾರ್ಯಕ್ಕೂ ಇದೇ ಅಧಿನಿಯಮದ ಕಲಂ 5ರನ್ವಯ ಪರವಾನಗಿ ಅಗತ್ಯ. ಪರವಾನಗಿದಾರರು ತಮ್ಮ ಆಯುಧವನ್ನು ತಾವೇ ಒರೆಸಿ ಎಣ್ಣೆ ಹಚ್ಚುವುದು ಸಾಮಾನ್ಯ ಪಾಲನೆ. ಆದರೆ ತುಕ್ಕು ಬಿಡಿಸಲೆಂದು ಪರಿಚಯದ ಲೇತ್ ಅಂಗಡಿಗೋ ಗ್ಯಾರೇಜಿಗೋ ಕೊಡುವುದು ಕೊಟ್ಟವರಿಗೂ ಪಡೆದವರಿಗೂ ತೊಂದರೆ ತರುವ ಕೆಲಸ. ದುರಸ್ತಿಗೆ ಪರವಾನಗಿ ಹೊಂದಿರುವ ಆಯುಧ ವ್ಯಾಪಾರಿಗಳಲ್ಲಿಗೆ ಮಾತ್ರ ಒಯ್ಯತಕ್ಕದ್ದು. ಪರವಾನಗಿದಾರರು ವಯೋವೃದ್ಧರಾಗಿದ್ದು ಸ್ವತಃ ಹೋಗಲಾಗದಿದ್ದಲ್ಲಿ, ಅವರ ಲಿಖಿತ ಅಧಿಕಾರ ಪತ್ರದೊಂದಿಗೆ ಬೇರೊಬ್ಬರು ಆಯುಧವನ್ನು ದುರಸ್ತಿಗಾಗಿ ಅಥವಾ ಪರವಾನಗಿ ನವೀಕರಣಕ್ಕಾಗಿ ಕೊಂಡೊಯ್ಯಲು ಕಲಂ 3ರ ಪರಂತುಕದಲ್ಲಿ ಅವಕಾಶವಿದೆ. ಮೂಲ ಪರವಾನಗಿ ಪುಸ್ತಕವೂ ಜೊತೆಯಲ್ಲಿರುವುದು ಒಳ್ಳೆಯದು.

ಮೂರನೆಯದು ಅತಿ ಮುಖ್ಯವಾದುದು. ತುಕ್ಕನ್ನು ತೆಗೆಯುವ ಭರದಲ್ಲಿ ಆಯುಧದ ಮೇಲಿನ ಕ್ರಮಸಂಖ್ಯೆಯನ್ನು ಉಜ್ಜಿ ಅಳಿಸಿಬಿಡುವ ಸಂಭವವಿರುತ್ತದೆ. ಕಲಂ 8ರ ಪ್ರಕಾರ ತಯಾರಕರ ಹೆಸರು, ಸಂಖ್ಯೆ ಅಥವಾ ಇತರ ಗುರುತನ್ನು ಅಳಿಸುವುದು ಅಪರಾಧ. ಅಷ್ಟೇ ಅಲ್ಲದೆ, ಗುರುತು ಅಳಿಸಿರುವ ಆಯುಧ ಯಾರ ವಶದಲ್ಲಿದೆಯೋ ಅವರೇ ಅದನ್ನು ಅಳಿಸಿದ್ದಾರೆಂದು, ಬೇರೆ ರೀತಿ ರುಜುವಾತಾಗುವವರೆಗೆ, ಭಾವಿಸಲಾಗುತ್ತದೆ. ಎಂಬತ್ತು ವರ್ಷದ ಕೆಳಗೆ ಒತ್ತಿದ ಸಂಖ್ಯೆ ಮೊದಲೇ ಸವೆದಿರುತ್ತದೆ. ಅದರ ಮೇಲೆ ಎಮೆರಿ ಕಾಗದ ಹಾಕಿ ಹತ್ತು ನಿಮಿಷ ಉಜ್ಜಿದಲ್ಲಿ ಉಳಿದದ್ದೂ ಹೋಗುತ್ತದೆ. ನವೀಕರಣದ ಸಮಯದಲ್ಲಿ ಪರವಾನಗಿ ಪುಸ್ತಕದಲ್ಲಿನ ಸಂಖ್ಯೆಯೂ ಆಯುಧದ ಮೇಲಿನ ಸಂಖ್ಯೆಯೂ ತಾಳೆಯಾಗದಿದ್ದರೆ ಅರ್ಜಿದಾರರು ಅನುಭವಿಸಬೇಕಾದ ಓಡಾಟವನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಸರಿಯಾದ ಕೀಲೆಣ್ಣೆಯ ಆಯ್ಕೆಯಿಂದ ಉಜ್ಜುವ ಪ್ರಮೇಯವೇ ಬರುವುದಿಲ್ಲ.

ಕೀಲೆಣ್ಣೆಯಿಂದ ಆಗಬೇಕಾದ ಕೆಲಸಗಳು ಯಾವುವು

ಪಿಸ್ತೂಲಿಗೆ ಹಚ್ಚುವ ಎಣ್ಣೆ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡಬೇಕಾಗಿರುತ್ತದೆ. ಒಂದು, ಉಕ್ಕಿನ ಮೇಲೆ ಉಕ್ಕು ಜಾರುವ ಜಾಗಗಳಲ್ಲಿ ಸವೆತವನ್ನು ತಡೆಯುವುದು. ಇನ್ನೊಂದು, ಗಾಳಿಯ ತೇವ ಲೋಹವನ್ನು ಮುಟ್ಟದಂತೆ ಮೇಲ್ಮೈಯನ್ನು ಮುಚ್ಚುವುದು. ಮೊದಲನೆಯದಕ್ಕೆ ತೆಳುವಾದ, ಹರಿದಾಡುವ ಎಣ್ಣೆ ಬೇಕು. ಎರಡನೆಯದಕ್ಕೆ ಹರಿದು ಹೋಗದೆ ನಿಲ್ಲುವಂಥದ್ದು ಬೇಕು. ಒಂದೇ ಸೀಸೆಯಿಂದ ಎರಡೂ ಕೆಲಸ ಪೂರ್ತಿಯಾಗಿ ಆಗುವುದು ಕಷ್ಟ. ಶುಚಿಗೊಳಿಸುವುದು, ಜಾರಿಸುವುದು, ರಕ್ಷಿಸುವುದು ಮೂರನ್ನೂ ಮಾಡುತ್ತದೆಂದು ಹೇಳಲಾಗುವ ಸಿಎಲ್‌ಪಿ ಎಂಬ ಬಗೆಯ ಎಣ್ಣೆಗಳು ಸೇನೆಯ ಬಳಕೆಗಾಗಿ ರೂಪುಗೊಂಡವು. ದಿನವೂ ಬಳಸಿ ದಿನವೂ ಒರೆಸುವ ಆಯುಧಕ್ಕೆ ಅವು ತಕ್ಕವು. ವರ್ಷಕ್ಕೊಮ್ಮೆ ಹೊರತೆಗೆಯುವ ಮನೆಯ ಪಿಸ್ತೂಲಿಗೆ ಅವು ಕೆಟ್ಟವಲ್ಲವಾದರೂ, ದೀರ್ಘಕಾಲದ ರಕ್ಷಣೆಗೆ ಅವನ್ನೊಂದನ್ನೇ ನಂಬುವುದು ಸರಿಯಲ್ಲ.

ಎಣ್ಣೆಯ ದಪ್ಪವನ್ನು ಸ್ನಿಗ್ಧತೆ ಎನ್ನುತ್ತಾರೆ. ಡಬ್ಬಿಯ ಮೇಲೆ ಐಎಸ್‌ಒ ವಿಜಿ ಎಂದು ಬರೆದು ಮುಂದೆ ಒಂದು ಸಂಖ್ಯೆ ಇದ್ದಲ್ಲಿ, ಅದು 40 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಆ ಎಣ್ಣೆಯ ಸ್ನಿಗ್ಧತೆಯನ್ನು ಸೂಚಿಸುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಎಣ್ಣೆ ತೆಳು. ಜೇಬಿನ ಗಾತ್ರದ .32 ಪಿಸ್ತೂಲಿನ ಚಿಕ್ಕ ಭಾಗಗಳಿಗೆ 10ರಿಂದ 32ರೊಳಗಿನ ಎಣ್ಣೆ ಸಾಕು. ಹೊಲಿಗೆ ಯಂತ್ರಕ್ಕೆ ಹಾಕುವ ಬಿಳಿ ಖನಿಜ ಎಣ್ಣೆ ಈ ಗುಂಪಿನದು. ವಾಹನದ ಎಂಜಿನ್ ಆಯಿಲ್ ಇದೇ ಅಳತೆಯಲ್ಲಿ ಸಾಮಾನ್ಯವಾಗಿ ಇದಕ್ಕಿಂತ ದಪ್ಪವಾಗಿರುತ್ತದೆ.

ಮನೆಯಲ್ಲಿ ದೊರೆಯುವ ಎಣ್ಣೆಗಳ ಬಗ್ಗೆ

ಕೊಬ್ಬರಿ ಎಣ್ಣೆಯನ್ನು ಹಚ್ಚುವ ರೂಢಿ ನಮ್ಮಲ್ಲಿ ಹೆಚ್ಚು. ಹೊಸದಾಗಿ ಹಚ್ಚಿದಾಗ ಆಯುಧ ಹೊಳೆಯುತ್ತದೆ, ಸ್ಲೈಡ್ ಸರಾಗವಾಗಿ ಹಿಂದೆ ಮುಂದೆ ಹೋಗುತ್ತದೆ. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿ, ಚಿಕ್ಕಮಗಳೂರಿನ ಚಳಿಗಾಲದ ಬೆಳಗ್ಗೆ ಸ್ನಾನದ ಮನೆಯ ಬಾಟಲಿಯಲ್ಲಿ ಎಣ್ಣೆ ಗಟ್ಟಿಯಾಗಿ ಕುಳಿತಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಪಿಸ್ತೂಲಿನ ಒಳಗೂ ಆಗುವುದು ಅದೇ. ಅದಕ್ಕಿಂತ ಮುಖ್ಯವಾಗಿ, ಸಸ್ಯಜನ್ಯ ಎಣ್ಣೆಗಳೆಲ್ಲವೂ ಗಾಳಿಯ ಆಮ್ಲಜನಕದೊಡನೆ ಸೇರಿ ಕಮಟು ಹಿಡಿಯುತ್ತವೆ. ಆಗ ಹುಟ್ಟುವ ಆಮ್ಲಗಳು ಹಿತ್ತಾಳೆ, ತಾಮ್ರದ ಭಾಗಗಳನ್ನು ಹಸಿರುಗಟ್ಟಿಸುತ್ತವೆ, ಉಕ್ಕಿಗೂ ಒಳ್ಳೆಯದಲ್ಲ. ಹರಳೆಣ್ಣೆ ಬೇಗ ಒಣಗುವುದಿಲ್ಲವಾದರೂ ಅತಿ ದಪ್ಪ. ಧೂಳನ್ನೆಲ್ಲ ಹಿಡಿದಿಟ್ಟುಕೊಂಡು ಅಂಟಾಗುತ್ತದೆ. ಕಡಲೆಕಾಯಿ ಎಣ್ಣೆ, ಎಳ್ಳೆಣ್ಣೆಗಳು ಕಾಲಕ್ರಮೇಣ ಕಂದು ಬಣ್ಣದ ಮೇಣದಂತಾಗುತ್ತವೆ. ಅಗಸೆ ಎಣ್ಣೆಯಂತೂ ಒಣಗಿ ವಾರ್ನಿಷ್ ಆಗುವ ಸ್ವಭಾವದ್ದು. ಮರದ ಭಾಗಕ್ಕೆ ಅದನ್ನು ಬಳಸುವುದು ಆ ಕಾರಣಕ್ಕಾಗಿಯೇ. ಟ್ರಿಗರಿನ ಕೀಲಿಗೆ ಬಿದ್ದರೆ ಅದು ಗೋಂದು ಹಾಕಿದಂತೆ.

ಹಳೆಯ ಕಾಲದಲ್ಲಿ ಪ್ರಾಣಿಜನ್ಯ ಹಾಗೂ ಸಸ್ಯಜನ್ಯ ಎಣ್ಣೆಗಳನ್ನೇ ಬಳಸುತ್ತಿದ್ದರಲ್ಲವೇ ಎಂದು ಕೇಳುವವರಿದ್ದಾರೆ. ಬಳಸುತ್ತಿದ್ದರು, ಆದರೆ ಪದೇ ಪದೇ ಒರೆಸಿ ಹೊಸದನ್ನು ಹಚ್ಚುತ್ತಿದ್ದರು. ಬ್ರಿಟಿಷ್ ಸೈನ್ಯದಲ್ಲಿ ಬರ್ಮಾದ ನೆಲದೆಣ್ಣೆಯಿಂದ ತಯಾರಾಗುತ್ತಿದ್ದ ರಂಗೂನ್ ಎಣ್ಣೆ ಬಳಕೆಗೆ ಬಂದದ್ದು, ಖನಿಜ ಎಣ್ಣೆ ಕಮಟು ಹಿಡಿಯುವುದಿಲ್ಲವೆಂಬ ಗುಣದಿಂದಲೇ. ವೆಬ್ಲಿ, ಕೋಲ್ಟ್ ಪಿಸ್ತೂಲುಗಳು ತಯಾರಾದ ಕಾಲಕ್ಕೆ ಖನಿಜ ಎಣ್ಣೆ ಆಗಲೇ ರೂಢಿಯಲ್ಲಿತ್ತು. ಜರ್ಮನಿಯಲ್ಲಿ 1904ರಲ್ಲಿ ರೂಪುಗೊಂಡ ಬ್ಯಾಲಿಸ್ಟಾಲ್ ಎಂಬ ಎಣ್ಣೆ ಇಂದಿಗೂ ತಯಾರಾಗುತ್ತಿದೆ. ಸ್ವಲ್ಪ ಕ್ಷಾರಗುಣವಿರುವ ಅದು ನೀರಿನೊಡನೆ ಹಾಲಿನಂತೆ ಬೆರೆಯುತ್ತದೆ. ಹಳೆಯ ಆಯುಧಗಳಿಗೆ ಇಂತಹ ಎಣ್ಣೆ ಏಕೆ ಉಪಯುಕ್ತವೆಂಬುದು ಮುಂದೆ ತಿಳಿದುಬರುತ್ತದೆ.

ಹೊಲಿಗೆ ಯಂತ್ರದ ಎಣ್ಣೆಯನ್ನು ಬಳಸಬಹುದು. ಸುಗಂಧ ಬೆರೆಸದ, ಬಣ್ಣವಿಲ್ಲದ ಶುದ್ಧ ಖನಿಜ ಎಣ್ಣೆಯಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಇದರ ಕೊರತೆಯೆಂದರೆ, ತುಕ್ಕು ತಡೆಯುವ ರಾಸಾಯನಿಕ ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ತೆಳುವಾದುದರಿಂದ ಕೆಲವು ವಾರಗಳಲ್ಲಿ ಇಳಿದುಹೋಗುತ್ತದೆ. ಜಾರುವ ಭಾಗಕ್ಕೆ ಇದು ಸಾಕು, ಹೊರಮೈಯ ರಕ್ಷಣೆಗೆ ಸಾಲದು.

ಬಳಸಿದ ಎಂಜಿನ್ ಆಯಿಲ್‌ನಲ್ಲಿ ಲೋಹದ ಪುಡಿಯೂ ಆಮ್ಲವೂ ಇರುವುದರಿಂದ ಅದನ್ನು ಯಾವ ಕಾರಣಕ್ಕೂ ಬಳಸಬಾರದು. ಹೊಸ ಎಂಜಿನ್ ಆಯಿಲ್ ಹಾನಿಕರವಲ್ಲ, ಆದರೆ ಚಿಕ್ಕ ಪಿಸ್ತೂಲಿಗೆ ದಪ್ಪ. ಬ್ರೇಕ್ ದ್ರವವು ತೇವ ಹೀರುವ ವಸ್ತು. ಅದು ಎಣ್ಣೆಯೇ ಅಲ್ಲ. ಸೀಮೆಎಣ್ಣೆಯಿಂದ ಹಳೆಯ ಅಂಟನ್ನು ತೊಳೆಯಬಹುದು, ತೊಳೆದ ನಂತರ ಸಂಪೂರ್ಣವಾಗಿ ಒರೆಸಿ ಒಣಗಿಸಿ ಎಣ್ಣೆ ಹಚ್ಚಲೇಬೇಕು. ಸೀಮೆಎಣ್ಣೆ ಆರಿಹೋದ ಉಕ್ಕು ಬರಿಮೈಯಲ್ಲಿರುತ್ತದೆ. ಪೆಟ್ರೋಲನ್ನು ಮನೆಯೊಳಗೆ ಈ ಕೆಲಸಕ್ಕೆ ಬಳಸುವುದು ಅಪಾಯಕರ.

ಸ್ಪ್ರೇ ಡಬ್ಬಿಯಲ್ಲಿ ಬರುವ ನೀರು ಓಡಿಸುವ ದ್ರವಗಳು ಇಂದು ಪ್ರತಿ ಹಾರ್ಡ್‌ವೇರ್ ಅಂಗಡಿಯಲ್ಲಿ ದೊರೆಯುತ್ತವೆ. ಮಳೆಯಲ್ಲಿ ನೆನೆದ ಆಯುಧದಿಂದ ತೇವ ಹೊರದೂಡಲು ಇವು ಒಳ್ಳೆಯವು. ದ್ರಾವಕ ಆವಿಯಾದ ಮೇಲೆ ಉಳಿಯುವ ಪೊರೆ ಅತಿ ತೆಳುವಾಗಿದ್ದು, ಪದೇ ಪದೇ ಸಿಂಪಡಿಸಿದಲ್ಲಿ ಒಳಭಾಗಗಳಲ್ಲಿ ಕಂದು ಅಂಟು ಕಟ್ಟುತ್ತದೆ. ಜೊತೆಗೆ ಸ್ಪ್ರೇ ಎಲ್ಲೆಂದರಲ್ಲಿ ನುಗ್ಗುತ್ತದೆ: ಹಿಡಿಕೆಯ ಫಲಕದ ಅಡಿಗೆ, ಮ್ಯಾಗಜೀನಿನೊಳಗೆ, ಹತ್ತಿರದಲ್ಲಿಟ್ಟ ತೋಟಾಗಳ ಮೇಲೆ. ತೋಟಾದ ಪ್ರೈಮರಿಗೆ ಎಣ್ಣೆ ಇಳಿದರೆ ಅದು ಹಾರದೆ ಹೋಗಬಹುದು. ತೋಟಾಗಳನ್ನು ಬೇರೊಂದು ಕೋಣೆಯಲ್ಲಿಟ್ಟ ನಂತರವೇ ಎಣ್ಣೆಯ ಸೀಸೆಯ ಮುಚ್ಚಳ ತೆಗೆಯುವುದನ್ನು ರೂಢಿಸಿಕೊಳ್ಳಬೇಕು. ಸುರಕ್ಷತೆಯ ದೃಷ್ಟಿಯಿಂದಲೂ ಅದೇ ಕ್ರಮ.

ಆಯುಧದ ಮೇಲ್ಮೈ ಮತ್ತು ಹಿಡಿಕೆಗೆ ತಕ್ಕಂತೆ ಆಯ್ಕೆ

ಹೊಸ ಆಯುಧಕ್ಕೆ ಹೊಂದುವ ದ್ರವವೆಲ್ಲ ಹಳೆಯದಕ್ಕೆ ಹೊಂದುವುದಿಲ್ಲ. ಹಳೆಯ ಪಿಸ್ತೂಲುಗಳ ಕಪ್ಪು-ನೀಲಿ ಬಣ್ಣವು ಬಳಿದ ಬಣ್ಣವಲ್ಲ. ಉಕ್ಕಿನ ಮೇಲ್ಮೈಯನ್ನೇ ನಿಯಂತ್ರಿತವಾಗಿ ಆಕ್ಸೈಡ್ ಮಾಡಿ ಪಡೆದ ತೆಳುಪದರ. ಆಮ್ಲವಿರುವ ಯಾವುದೇ ವಸ್ತು, ಅಂದರೆ ನಿಂಬೆರಸ, ಹುಣಿಸೆ, ವಿನೆಗರ್ ಹಾಗೂ ಫಾಸ್ಫಾರಿಕ್ ಆಮ್ಲವುಳ್ಳ ತುಕ್ಕು ನಿವಾರಕಗಳು, ತುಕ್ಕಿನೊಂದಿಗೆ ಆ ಪದರವನ್ನೂ ತೆಗೆದುಹಾಕುತ್ತವೆ. ಹಿತ್ತಾಳೆ ಪಾತ್ರೆ ಬೆಳಗುವಂತೆ ಪಿಸ್ತೂಲನ್ನು ಹುಣಿಸೆಹಣ್ಣಿನಲ್ಲಿ ಬೆಳಗಿದರೆ ಉಳಿಯುವುದು ಬೂದುಬಣ್ಣದ ಬರಿ ಉಕ್ಕು. ಮುಂದಿನ ಮಳೆಗಾಲಕ್ಕೆ ಅದು ಕೆಂಪಾಗುತ್ತದೆ.

ನಿಕಲ್ ಲೇಪನವಿರುವ ಪಿಸ್ತೂಲುಗಳಲ್ಲಿ ನಿಕಲ್‌ನ ಅಡಿಯಲ್ಲಿ ತಾಮ್ರದ ಪದರವಿರಬಹುದು. ನಳಿಗೆಯೊಳಗಿನ ತಾಮ್ರದ ಕಲೆ ಬಿಡಿಸಲು ಮಾರುವ ಅಮೋನಿಯಾ ಬೆರೆತ ದ್ರಾವಕಗಳು ನಿಕಲ್‌ನ ಸಣ್ಣ ಬಿರುಕುಗಳ ಮೂಲಕ ಇಳಿದು ಆ ತಾಮ್ರವನ್ನು ಕರಗಿಸುತ್ತವೆ. ಲೇಪನ ಹಪ್ಪಳದಂತೆ ಏಳುತ್ತದೆ. ಆದ್ದರಿಂದ ನಿಕಲ್ ಆಯುಧಗಳಿಗೆ ಅಮೋನಿಯಾ ಇಲ್ಲದ ಸಾಮಾನ್ಯ ಖನಿಜ ಎಣ್ಣೆಯೇ ಕ್ಷೇಮ.

ವೆಬ್ಲಿ ಹಾಗೂ ಆರಂಭದ ಕೋಲ್ಟ್ ಪಿಸ್ತೂಲುಗಳ ಕಪ್ಪು ಹಿಡಿಕೆಗಳು ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರಿನವು. ಇವು ಕಾಲ ಕಳೆದಂತೆ ಬಿರುಸಾಗುತ್ತವೆ, ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗುತ್ತವೆ. ದ್ರಾವಕ ಬೆರೆತ ಸ್ಪ್ರೇಗಳನ್ನು ಇವಕ್ಕೆ ತಾಗಿಸಬಾರದು. ಕೋಲ್ಟ್ ಪಿಸ್ತೂಲಿನ ನಂತರದ ತಯಾರಿಕೆಗಳಲ್ಲಿ ವಾಲ್ನಟ್ ಮರದ ಹಿಡಿಕೆಗಳಿವೆ. ಖನಿಜ ಎಣ್ಣೆ ಮರದೊಳಗೆ ಇಳಿದರೆ ಮರ ಕಪ್ಪಾಗಿ ಮೆತ್ತಗಾಗುತ್ತದೆ. ಹೀಗಾಗಿ ಎಣ್ಣೆಯನ್ನು ಹಿಡಿಕೆಯ ಬಳಿ ಬಟ್ಟೆಯಲ್ಲಿ ಒರೆಸಿ ಹಚ್ಚಬೇಕೇ ಹೊರತು ಸುರಿಯಬಾರದು. ಆನೆದಂತದ ಹಿಡಿಕೆಯಿದ್ದಲ್ಲಿ ಎಣ್ಣೆಯ ಪ್ರಶ್ನೆಗಿಂತ ಮೊದಲು, ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರಡಿ ಮಾಲೀಕತ್ವ ಪ್ರಮಾಣಪತ್ರ ಇದೆಯೇ ಎಂಬುದನ್ನು ಪರಿಶೀಲಿಸಿಕೊಳ್ಳುವುದು ಅರ್ಜಿದಾರರ ಹಿತದೃಷ್ಟಿಯಿಂದ ಅವಶ್ಯಕ.

ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಬಾರದು

ಮ್ಯಾಗಜೀನನ್ನು ಹೊರತೆಗೆದು, ಸ್ಲೈಡನ್ನು ಹಿಂದಕ್ಕೆಳೆದು, ಚೇಂಬರಿನಲ್ಲಿ ತೋಟಾ ಇಲ್ಲವೆಂಬುದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಕೆಲಸ. ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ. ವರ್ಷಗಟ್ಟಲೆ ಮುಚ್ಚಿಟ್ಟ ಆಯುಧ ತಾತನವರು ಕೊನೆಗೆ ಇಟ್ಟ ಸ್ಥಿತಿಯಲ್ಲಿಯೇ ಇರುತ್ತದೆಂಬುದನ್ನು ಮರೆಯಬಾರದು. ಸ್ಲೈಡ್ ತುಕ್ಕಿನಿಂದ ಕಚ್ಚಿಕೊಂಡು ತೆರೆಯದಿದ್ದಲ್ಲಿ ಅದನ್ನು ತೋಟಾ ತುಂಬಿದ ಆಯುಧವೆಂದೇ ಭಾವಿಸಿ, ಬಲವಂತ ಮಾಡದೆ, ಪರವಾನಗಿ ಪಡೆದ ದುರಸ್ತಿಗಾರರಿಗೆ ಒಪ್ಪಿಸತಕ್ಕದ್ದು.

ಸ್ಲೈಡ್ ಜಾರುವ ಎರಡು ಹಳಿಗಳಿಗೆ ಒಂದೊಂದು ಹನಿ, ಟ್ರಿಗರಿನ ಕೀಲಿಗೆ ಒಂದು ಹನಿ, ಸುರಕ್ಷತಾ ಕೀಲಿಗೆ ಒಂದು ಹನಿ ಸಾಕಾಗುತ್ತದೆ. ಸೂಜಿಯ ಮೊನೆಯಿಂದ ಇಳಿಬಿಟ್ಟ ಹನಿ ಎಂದರೆ ಅಷ್ಟೇ ಅಳತೆ. ಸ್ಲೈಡನ್ನು ನಾಲ್ಕಾರು ಬಾರಿ ಚಲಿಸಿ, ಹೊರಬಂದ ಎಣ್ಣೆಯನ್ನು ಒರೆಸಿಬಿಡಬೇಕು. ಎಫ್.ಎನ್. 1910 ಮಾದರಿಯಲ್ಲಿ ಸ್ಪ್ರಿಂಗು ನಳಿಗೆಯನ್ನು ಸುತ್ತಿಕೊಂಡಿರುತ್ತದೆ, ಕೋಲ್ಟ್ 1903ರಲ್ಲಿ ನಳಿಗೆಯ ಕೆಳಗಿರುತ್ತದೆ. ಎರಡರಲ್ಲಿಯೂ ಸ್ಪ್ರಿಂಗಿಗೆ ಎಣ್ಣೆಯ ಬಟ್ಟೆ ಸೋಕಿಸಿದರೆ ಸಾಕು. ವೆಬ್ಲಿ ಪಿಸ್ತೂಲಿನಲ್ಲಿ ಸ್ಪ್ರಿಂಗು ಹಿಡಿಕೆಯ ಬಲಗಡೆಯ ಫಲಕದ ಅಡಿಯಲ್ಲಿ ವಿ ಅಕ್ಷರದ ಆಕಾರದಲ್ಲಿ ಇರುತ್ತದೆ. ಕೈಬೆವರು ಮೊದಲು ಇಳಿಯುವ ಜಾಗ ಅದೇ ಆಗಿರುವುದರಿಂದ ಅಲ್ಲಿ ತುಕ್ಕು ಕಾಣದಂತೆ ಬೆಳೆಯುತ್ತದೆ. ಆದಾಗ್ಯೂ ಫಲಕವನ್ನು ಬಿಚ್ಚುವುದು ಅನುಭವವಿಲ್ಲದವರ ಕೆಲಸವಲ್ಲ. ಎಂಬತ್ತು ವರ್ಷದ ರಬ್ಬರ್ ಫಲಕ ಸ್ಕ್ರೂ ತಿರುಗಿಸುವಾಗಲೇ ಸೀಳಬಹುದು.

ಚೇಂಬರಿನ ಒಳಗೋಡೆ ಒಣಗಿರಬೇಕು. ಈ ಪಿಸ್ತೂಲುಗಳಲ್ಲಿ ಕೋಲ್ಟ್ ಹಾಗೂ ಬ್ರೌನಿಂಗ್ ಮಾದರಿಗಳ ಸ್ಲೈಡ್ ಯಾವ ಕೊಂಡಿಯಿಂದಲೂ ಬಂಧಿತವಾಗಿರುವುದಿಲ್ಲ. ಸ್ಲೈಡಿನ ತೂಕ ಮತ್ತು ಸ್ಪ್ರಿಂಗಿನ ಬಲದಿಂದ ಮಾತ್ರ ತೋಟಾ ಹಿಂದಕ್ಕೆ ಬರುವುದು ತಡೆಯಲ್ಪಡುತ್ತದೆ. ಚೇಂಬರಿಗೆ ಎಣ್ಣೆ ಹಚ್ಚಿದಲ್ಲಿ ತೋಟಾದ ಕೋಶಕ್ಕೆ ಗೋಡೆಯ ಹಿಡಿತ ತಪ್ಪಿ ಸ್ಲೈಡಿನ ಮೇಲೆ ಬೀಳುವ ಹೊಡೆತ ಹೆಚ್ಚುತ್ತದೆ. ಹಳೆಯ ಉಕ್ಕಿಗೆ ಆ ಹೊಡೆತ ಬೇಡ. ನಳಿಗೆಯೊಳಗೆ ರಕ್ಷಣೆಗಾಗಿ ಹಚ್ಚಿದ ಗ್ರೀಸನ್ನು ಗುಂಡು ಹಾರಿಸುವ ಮುನ್ನ ಪೂರ್ತಿ ಒರೆಸಿ ತೆಗೆಯುವುದು ಕಡ್ಡಾಯ. ತುಂಬಿಕೊಂಡ ಗ್ರೀಸು ನಳಿಗೆಗೆ ಅಡಚಣೆಯಾಗಿ ಪರಿಣಮಿಸುತ್ತದೆ. ಹೊಡೆಮೊಳೆ ಚಲಿಸುವ ರಂಧ್ರಕ್ಕೆ ಗ್ರೀಸಾಗಲಿ ದಪ್ಪ ಎಣ್ಣೆಯಾಗಲಿ ಹಾಕಬಾರದು. ಮ್ಯಾಗಜೀನಿನ ಒಳಭಾಗವನ್ನು ಎಣ್ಣೆ ಸೋಕಿದ ಬಟ್ಟೆಯಿಂದ ಒರೆಸಿ, ಮತ್ತೆ ಒಣ ಬಟ್ಟೆಯಿಂದ ಒರೆಸಬೇಕು.

ಹಳೆಯ ತೋಟಾಗಳನ್ನು ಹಾರಿಸಿದ ಇತಿಹಾಸವಿರುವ ನಳಿಗೆಗಳಿಗೆ ವಿಶೇಷ ಗಮನ ಬೇಕು. ಹಿಂದಿನ ತೋಟಾಗಳ ಪ್ರೈಮರುಗಳಲ್ಲಿ ಪೊಟ್ಯಾಶಿಯಂ ಕ್ಲೋರೇಟ್ ಬಳಸುತ್ತಿದ್ದರು. ಅದು ಉರಿದ ನಂತರ ಉಳಿಯುವುದು ಪೊಟ್ಯಾಶಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಬಂಧು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಎಷ್ಟೇ ಬೆಲೆಯ ಎಣ್ಣೆ ಹಚ್ಚಿದರೂ ಅದರ ಅಡಿಯಲ್ಲಿ ಉಪ್ಪು ತೇವ ಹೀರಿಕೊಂಡು ನಳಿಗೆಯನ್ನು ತಿನ್ನುತ್ತಲೇ ಇರುತ್ತದೆ. ಉಪ್ಪಿಗೆ ಮದ್ದು ನೀರು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ತುಂಡುಗಳನ್ನು ಶುಚಿಗೊಳಿಸುವ ಕೋಲಿನಿಂದ ನಳಿಗೆಯಲ್ಲಿ ಹಲವು ಬಾರಿ ಆಡಿಸಿ, ಕೂಡಲೇ ಒಣ ಬಟ್ಟೆಯಿಂದ ಒರೆಸಿ, ನಳಿಗೆ ಬೆಚ್ಚಗಿರುವಾಗಲೇ ಎಣ್ಣೆ ಹಚ್ಚಬೇಕು. ನೀರಿನೊಡನೆ ಬೆರೆಯುವ ಎಣ್ಣೆಗಳ ಉಪಯೋಗ ಇಲ್ಲಿಯೇ: ನೀರು ಉಪ್ಪನ್ನು ಕರಗಿಸುತ್ತದೆ, ನೀರು ಆರಿದ ಮೇಲೆ ಎಣ್ಣೆ ಉಳಿಯುತ್ತದೆ.

ಪ್ರದೇಶ ಮತ್ತು ಹವಾಮಾನ

ಕಲಬುರಗಿ, ರಾಯಚೂರು, ಬಳ್ಳಾರಿ ಭಾಗದಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ದಾಟುತ್ತದೆ ಮತ್ತು ಧೂಳು ಹೆಚ್ಚು. ಅಲ್ಲಿ ಎಣ್ಣೆಯನ್ನು ಎಷ್ಟು ಕಡಿಮೆ ಹಚ್ಚಿದರೆ ಅಷ್ಟು ಒಳ್ಳೆಯದು. ಎಣ್ಣೆಗೆ ಅಂಟಿದ ಧೂಳು ಮರಳು ಕಾಗದದಂತೆ ಕೆಲಸ ಮಾಡುತ್ತದೆ. ಕರಾವಳಿ ಜಿಲ್ಲೆಗಳಲ್ಲಿ ಗಾಳಿಯಲ್ಲಿಯೇ ಉಪ್ಪಿನಂಶವಿರುತ್ತದೆ. ಮಲೆನಾಡು ಮತ್ತು ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬಟ್ಟೆ, ಚಪ್ಪಲಿ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಈ ಎರಡೂ ಕಡೆ ತೆಳು ಎಣ್ಣೆಯೊಂದನ್ನೇ ನಂಬದೆ, ಮೇ ತಿಂಗಳಿನಲ್ಲಿಯೇ ಹೊರಮೈಗೂ ನಳಿಗೆಯೊಳಗೂ ತುಕ್ಕು ನಿರೋಧಕ ಗ್ರೀಸ್ ಅಥವಾ ಮೇಣ ಬೆರೆತ ರಕ್ಷಕ ಎಣ್ಣೆಯ ತೆಳುಪದರ ಕೊಡುವುದು ಸೂಕ್ತ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೋಡಿ ಒರೆಸಿ ಮತ್ತೆ ಹಚ್ಚಬೇಕಾಗುತ್ತದೆ.

ಪಿಸ್ತೂಲನ್ನು ಚರ್ಮದ ಚೀಲದಲ್ಲಿಯೇ ಇಟ್ಟು ಬೀರುವಿಗೆ ಸೇರಿಸುವುದು ತುಕ್ಕಿಗೆ ಆಹ್ವಾನವಿತ್ತಂತೆ. ಚರ್ಮ ತೇವವನ್ನು ಹಿಡಿದಿಡುತ್ತದೆ, ಹದ ಮಾಡಲು ಬಳಸಿದ ಟ್ಯಾನಿನ್ ಆಮ್ಲ ಉಕ್ಕನ್ನು ತಿನ್ನುತ್ತದೆ. ಚೀಲ ಬೇರೆ, ಪಿಸ್ತೂಲು ಬೇರೆ ಇಡಬೇಕು. ಬೀಗ ಹಾಕಿದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಬಹುದು. ಅದನ್ನು ಆಗಾಗ ಬಿಸಿ ಮಾಡಿ ಒಣಗಿಸದಿದ್ದರೆ ಅದೇ ತೇವದ ಉಂಡೆಯಾಗುತ್ತದೆ.

ಆಯುಧ ಪೂಜೆಯ ದಿನ ಅರಿಶಿನ, ಕುಂಕುಮ, ಗಂಧ ಹಚ್ಚಿ ನಿಂಬೆಹಣ್ಣು ಕೊಯ್ದಿಡುವುದೂ, ಕೊಡಗಿನ ಕೈಲ್ ಮುಹೂರ್ತದಲ್ಲಿ ಕೋವಿಗಳನ್ನು ತೋಕ್ ಪೂ ಹೂವಿನಿಂದ ಅಲಂಕರಿಸುವುದೂ ಸಂಪ್ರದಾಯ. ಅದಕ್ಕೆ ಅಡ್ಡಿಯಿಲ್ಲ. ಆದರೆ ತೇವದ ಗಂಧ, ಹೂವಿನ ನೀರು, ನಿಂಬೆರಸ ಇವೆಲ್ಲವೂ ಉಕ್ಕಿನ ಮೇಲೆ ಒಂದು ರಾತ್ರಿ ಕುಳಿತರೆ ಸಾಕು, ಆ ಆಕಾರದಲ್ಲಿಯೇ ಕಲೆ ಉಳಿಯುತ್ತದೆ. ಪೂಜೆಗೆ ಮುನ್ನ ಗ್ರೀಸಿನ ತೆಳುಪದರ ಹಚ್ಚಿ, ಕುಂಕುಮವನ್ನು ಚೀಲಕ್ಕೋ ಪೆಟ್ಟಿಗೆಗೋ ಇಟ್ಟು, ಅದೇ ಸಂಜೆ ಎಲ್ಲವನ್ನೂ ಒರೆಸಿ ಹೊಸ ಎಣ್ಣೆ ಹಚ್ಚುವುದು ಹಿರಿಯರ ಆಯುಧಕ್ಕೆ ಸಲ್ಲಿಸುವ ಗೌರವವೇ ಆಗಿದೆ.

ಠೇವಣಿ ಇಡುವ ಮುನ್ನ

ಹಳೆಯ ಪಿಸ್ತೂಲುಗಳು ಹೆಚ್ಚಾಗಿ ಹಾಳಾಗುವುದು ಠೇವಣಿಯ ಅವಧಿಯಲ್ಲಿ. ಪರವಾನಗಿದಾರರು ಮೃತಪಟ್ಟಾಗ ಅಥವಾ ಪರವಾನಗಿಯ ಅವಧಿ ಮುಗಿದಾಗ, ಕಲಂ 21ರನ್ವಯ ಆಯುಧವನ್ನು ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ನಿಗದಿತ ಷರತ್ತುಗಳಿಗೆ ಒಳಪಟ್ಟು ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡಬೇಕಾಗುತ್ತದೆ. ಚುನಾವಣೆಯ ಸಮಯದಲ್ಲಿಯೂ ಠೇವಣಿಗೆ ಸೂಚನೆ ಬರಬಹುದು. ವಾರಸುದಾರರ ಅರ್ಜಿಯ ಪೊಲೀಸ್ ವರದಿ, ಇತರ ವಾರಸುದಾರರ ಒಪ್ಪಿಗೆ ಪತ್ರ ಇತ್ಯಾದಿಗಳು ಮುಗಿಯುವಷ್ಟರಲ್ಲಿ ಒಂದೆರಡು ಮಳೆಗಾಲ ಕಳೆದರೂ ಆಶ್ಚರ್ಯವಿಲ್ಲ. ಆ ಅವಧಿಯಲ್ಲಿ ಆಯುಧಕ್ಕೆ ಎಣ್ಣೆ ಹಚ್ಚುವುದು ಠಾಣೆಯ ಸಿಬ್ಬಂದಿಯ ಕರ್ತವ್ಯವೆಂದು ನಿರೀಕ್ಷಿಸುವಂತಿಲ್ಲ. ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ ಕೊಟ್ಟ ಪಿಸ್ತೂಲು ಕೆಂಪಾಗಿ ಮರಳುವುದು ಇದರಿಂದಲೇ.

ಠೇವಣಿಗೆ ಮುನ್ನ ಆಯುಧವನ್ನು ಒಣಗಿಸಿ, ಬೆರಳ ಗುರುತು ಉಳಿಯದಂತೆ ಒರೆಸಿ, ಗ್ರೀಸನ್ನು ಹೊರಮೈಗೂ ನಳಿಗೆಯೊಳಗೂ ಹಚ್ಚಬೇಕು. ಬಳಿಕ ಎಣ್ಣೆ ಸವರಿದ ಕಾಗದದಲ್ಲಿ ಸುತ್ತಿಡಬಹುದು; ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದಲ್ಲಿ ಒಳಗೆ ಸಿಕ್ಕಿದ ತೇವ ಹೊರಹೋಗದು. ಕ್ರಮಸಂಖ್ಯೆಯ ಭಾಗ ಮಾತ್ರ ಓದಲು ಬರುವಂತಿರಬೇಕು. ನಳಿಗೆಯಲ್ಲಿ ಗ್ರೀಸ್ ಇದೆಯೆಂದು ಚೀಟಿ ಬರೆದು ಆಯುಧಕ್ಕೆ ಕಟ್ಟುವುದು ಅಗತ್ಯ. ಸ್ವೀಕೃತಿ ರಸೀದಿಯಲ್ಲಿ ತಯಾರಕರ ಹೆಸರು, ಬೋರು, ಸಂಖ್ಯೆಯೊಂದಿಗೆ ಆಯುಧದ ಅಂದಿನ ಸ್ಥಿತಿಯನ್ನೂ ನಮೂದಿಸುವಂತೆ ವಿನಂತಿಸಬಹುದು. ಆ ದಿನದ ಛಾಯಾಚಿತ್ರವನ್ನು ತಮ್ಮಲ್ಲಿ ಇಟ್ಟುಕೊಂಡರೆ ಮುಂದೆ ಚರ್ಚೆಗೆ ಎಡೆಯಿರುವುದಿಲ್ಲ.

2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಅವರು ಆಯುಧವನ್ನು 25 ವರ್ಷ ಹೊಂದಿದ್ದಾಗ, ಅವರ ಜೀವಿತಕಾಲದಲ್ಲಿಯೇ ವಾರಸುದಾರರ ಹೆಸರಿಗೆ ಪರವಾನಗಿ ಕೋರಲು ಅವಕಾಶವಿದೆ. ದೀರ್ಘ ಠೇವಣಿಯನ್ನು ತಪ್ಪಿಸಲು ಇದು ಎಲ್ಲಕ್ಕಿಂತ ಒಳ್ಳೆಯ ಮಾರ್ಗವಾದರೂ, ಇದನ್ನು ಉಪಯೋಗಿಸಿಕೊಳ್ಳುವ ಕುಟುಂಬಗಳು ಕಡಿಮೆ. 2019ರ ತಿದ್ದುಪಡಿಯ ನಂತರ ಒಬ್ಬರು ಎರಡಕ್ಕಿಂತ ಹೆಚ್ಚು ಆಯುಧ ಹೊಂದುವಂತಿಲ್ಲ. ಪಿತ್ರಾರ್ಜಿತ ಆಯುಧವೂ ಈ ಲೆಕ್ಕಕ್ಕೆ ಸೇರುತ್ತದೆ.

ಅಂಗಡಿಯ ಎಣ್ಣೆಯನ್ನು ಪರೀಕ್ಷಿಸುವ ಸುಲಭ ವಿಧಾನ

ಯಾವ ಎಣ್ಣೆಯೆಂದು ಸಂದೇಹವಿದ್ದಲ್ಲಿ ಅದನ್ನು ಪಿಸ್ತೂಲಿನ ಮೇಲೆ ಪರೀಕ್ಷಿಸುವ ಅವಶ್ಯಕತೆಯಿಲ್ಲ. ಲೇಪನವಿಲ್ಲದ ಕಬ್ಬಿಣದ ನಾಲ್ಕು ಮೊಳೆಗಳನ್ನು ಉಜ್ಜಿ ಹೊಳಪಿಸಿ, ಮೂರಕ್ಕೆ ಬೇರೆ ಬೇರೆ ಎಣ್ಣೆ ಹಚ್ಚಿ, ಒಂದನ್ನು ಹಾಗೆಯೇ ಬಿಟ್ಟು, ಸ್ನಾನದ ಮನೆಯ ಕಿಟಕಿಯಲ್ಲಿ ಮೂರು ವಾರ ಇಡಬೇಕು. ಎಣ್ಣೆ ಹಚ್ಚದ ಮೊಳೆಯೊಡನೆ ಹೋಲಿಸಿದಲ್ಲಿ ಯಾವುದು ರಕ್ಷಣೆ ಕೊಡುತ್ತದೆಂಬುದು ಕಣ್ಣಿಗೇ ಕಾಣುತ್ತದೆ. ಅದೇ ಎಣ್ಣೆಗಳ ಒಂದೊಂದು ಹನಿಯನ್ನು ಗಾಜಿನ ತುಂಡಿನ ಮೇಲೆ ಹಾಕಿ ಧೂಳು ಬೀಳದಂತೆ ಇಟ್ಟರೆ, ಯಾವುದು ಅಂಟಾಗುತ್ತದೆಂಬುದು ತಿಳಿಯುತ್ತದೆ. ಬೆಳಗಿದ ಹಿತ್ತಾಳೆಯ ತುಂಡಿನ ಮೇಲೆ ಹಾಕಿದ ಹನಿಯ ಸುತ್ತ ಹಸಿರು ಕಂಡರೆ ಆ ಎಣ್ಣೆಯಲ್ಲಿ ಆಮ್ಲವಿದೆ ಎಂದರ್ಥ, ಅಂಥದ್ದನ್ನು ಬಳಸಬಾರದು.

ಈಗಾಗಲೇ ಸ್ವಲ್ಪ ತುಕ್ಕು ಹಿಡಿದಿದ್ದಲ್ಲಿ, ಆ ಜಾಗಕ್ಕೆ ಎಣ್ಣೆ ಹಚ್ಚಿ ಎರಡು ದಿನ ಬಿಟ್ಟು, ಒರಟು ಬಟ್ಟೆಯಿಂದ ಒರೆಸಬೇಕು. ಇದನ್ನು ಐದಾರು ಬಾರಿ ಮಾಡಿದರೆ ಮೇಲಿನ ಕೆಂಪು ತುಕ್ಕು ಬಹುಮಟ್ಟಿಗೆ ಬರುತ್ತದೆ. ಅಡಿಯ ಕಪ್ಪು ಕಲೆಯನ್ನು ಹಾಗೆಯೇ ಬಿಡುವುದು ಲೇಸು, ಅದು ಬೆಳೆಯುವುದಿಲ್ಲ. ಕ್ರಮಸಂಖ್ಯೆಯ ಸುತ್ತಮುತ್ತ ಬಟ್ಟೆಯ ಹೊರತು ಬೇರೇನನ್ನೂ ಬಳಸತಕ್ಕದ್ದಲ್ಲ. ಸಂಖ್ಯೆ ಈಗಾಗಲೇ ಓದಲು ಕಷ್ಟವಾಗಿದ್ದಲ್ಲಿ, ಶುಚಿಗೊಳಿಸುವ ಮೊದಲೇ ಆ ಸಂಗತಿಯನ್ನು ಪರವಾನಗಿ ನೀಡಿದ ಜಿಲ್ಲಾ ದಂಡಾಧಿಕಾರಿಗಳ ಅಥವಾ ಪೊಲೀಸ್ ಆಯುಕ್ತರ ಕಚೇರಿಗೆ ಲಿಖಿತವಾಗಿ ತಿಳಿಸಿ, ಅರ್ಜಿಯ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಪಡೆದುಕೊಳ್ಳತಕ್ಕದ್ದು.

ತಪಾಸಣೆಗೆ ತರುವ ದಿನ ಆಯುಧದ ಮೇಲೆ ಎಣ್ಣೆ ಒಸರದಂತೆ ಒಣ ಬಟ್ಟೆಯಿಂದ ಒರೆಸಿ, ಖಾಲಿ ಮಾಡಿ, ತೋಟಾಗಳನ್ನು ಪ್ರತ್ಯೇಕ ಪೊಟ್ಟಣದಲ್ಲಿ ತರುವುದು. ಎಣ್ಣೆ ತೊಯ್ದ ಪರವಾನಗಿ ಪುಸ್ತಕದಲ್ಲಿ ಮುದ್ರೆಯಾಗಲಿ ಸಹಿಯಾಗಲಿ ನಿಲ್ಲುವುದಿಲ್ಲವಾದ್ದರಿಂದ ಪುಸ್ತಕವನ್ನು ಪಿಸ್ತೂಲಿನ ಚೀಲದಲ್ಲಿ ಇಡಬಾರದಾಗಿ ಕೋರಲಾಗಿದೆ.